ಟೈಲರ್ ಅಪ್ಪನ ಸೊಂಟದಳತೆ

ಊರಿಗೆಲ್ಲ ಪ್ಯಾಂಟು ಹೊಲಿದ ಅಪ್ಪ, ಮಂಚದ ಮೇಲೆ ಮಲಗಿ ನನ್ನಿಂದ ಡಯಾಪರ್ ಹಾಕಿಸಿಕೊಳ್ಳುವಾಗಲೂ ಟೈಲರೇ. "ಕೆಳಗಿನ ಪಟ್ಟಿ ಮೊದ್ಲು ಅಂಟಿಸೋ. ತೊಡೆ ಹತ್ರ ನೆರಿಗೆ ಒಳಗೆ ಮಡಚ್ಕೊಂಡಿದೆ, ಹೊರಗೆ ಎಳಿ. ಹೊಟ್ಟೆ ಮೇಲೆ ಎರಡು ಬೆರಳು ಆಡ್ಬೇಕು" ಎಂದು ಗೊಣಗುತ್ತಲೇ ಇರುತ್ತಾನೆ. ಇಷ್ಟೆಲ್ಲ ಆದರೂ ಬೆಳಗಾದರೆ ಹಾಸಿಗೆ ಒದ್ದೆ. ಒಗೆದು ಒಗೆದು ನನ್ನ ರಟ್ಟೆ ಬಿದ್ದುಹೋಗಿದೆ. ತಪ್ಪು ಮಾತ್ರ ಕಂಪನಿಯದಂತೆ, ಇಲ್ಲವೇ ಕೈಯಲ್ಲಿ ಹದವಿಲ್ಲದ ನನ್ನದಂತೆ. ತನ್ನ ಸೊಂಟ ನಲವತ್ತು ಇಂಚೆಂದು ಹಟ ಹಿಡಿದು ದೊಡ್ಡ ಸೈಜೇ ತರಿಸುವವನು ಅವನೇ. ಇವತ್ತು ಅವನದೇ ಟೇಪು ಹಿಡಿದು ಅಳೆದೆ: ಮೂವತ್ತೊಂದು. ಅಪ್ಪ ಟೇಪು ಕಸಿದುಕೊಂಡು ಕಣ್ಣ ಹತ್ತಿರ ಹಿಡಿದು ನೋಡಿದ. "ಹಳೇ ಟೇಪು ಕಣೋ, ಹಿಗ್ಗಿದೆ" ಎಂದ. ನಾನು ಹೂಂ ಅಂದೆ. ಆಮೇಲೆ ಅಪ್ಪ ಗೋಡೆಯ ಕಡೆ ತಿರುಗಿ, "ಚಿಕ್ಕ ಸೈಜೇ ತಗೊಂಬಾ. ಅಂಗಡಿಯವನಿಗೆ ಮಾತ್ರ ಬೇರೆ ಯಾರಿಗೋ ಅಂತ ಹೇಳು" ಎಂದ.