ಸೋಮವಾರದ ಸೈಕಲ್ಲು

ಇಂದು ಬೆಳಿಗ್ಗೆ ಮೊಮ್ಮಗಳು ಹೊಸ ಸೈಕಲ್ಲನ್ನು ಅಂಗಳದಲ್ಲೇ ಬಿಟ್ಟು ಶಾಲೆಗೆ ಹೊರಟು ನಿಂತಳು. "ಯಾಕವಾ, ಪಂಚರ್ ಆಗೇತೇನು?" ಎಂದೆ. "ಇಲ್ಲ ಬೇ, ಗೆಳತ್ಯಾರೆಲ್ಲಾ ನಡಕೋತ ಹೊಂಟಾರ" ಎಂದಳು. ಮೈಯೆಲ್ಲ ಉರಿಯಿತು ನೋಡಿ. ಸೈಕಲ್ಲಿಗಾಗಿ ನಾನು ಪಟ್ಟ ಪಾಡು ಇವಳಿಗೇನು ಗೊತ್ತು?

ಆಗ ನಮ್ಮ ಕಡೆ ಮುಂಬಯಿ ಸರಕಾರವಿತ್ತು. ಹುನ್ನೂರಿನಿಂದ ಜಮಖಂಡಿಯ ಹೈಸ್ಕೂಲಿಗೆ ಹೋಗುವ ಹುಡುಗಿ ನಾನೊಬ್ಬಳೇ. ನೀರು ತಂದು, ಮಜ್ಜಿಗೆ ಕಡೆದು, ನಡೆದು ಶಾಲೆ ಮುಟ್ಟುವಷ್ಟರಲ್ಲಿ ಮೊದಲ ತಾಸು ಮುಗಿದಿರುತ್ತಿತ್ತು. ಅದಕ್ಕೆಂದೇ ಅಪ್ಪ ಹಳೆಯ ಸೈಕಲ್ಲೊಂದನ್ನು ತಂದ. ಉಟ್ಟ ಪರಕಾರದ ಅಂಚು ಚೈನಿಗೆ ಸಿಕ್ಕು ಎಷ್ಟು ಸಲ ಬಿದ್ದೆನೆಂದು ಮಾತ್ರ ಕೇಳಬೇಡಿ. ಕಟ್ಟೆಯ ಮೇಲೆ ಕೂತವರಿಗೆ ಪುಕ್ಕಟೆ ತಮಾಷೆ.

ಅಪ್ಪನ ತಾಯಿ, ನಮ್ಮ ಆಯಿ, ಮೊದಲ ದಿನವೇ ಹ್ಯಾಂಡಲ್ಲಿಗೆ ವಿಭೂತಿ ಹಚ್ಚಿ ಕಾನೂನು ಮಾಡಿಬಿಟ್ಟಳು. ನಮ್ಮಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ದಿನ. ಸೈಕಲ್ಲಿಗೂ ಅದೇ ಅನ್ವಯ!

"ದಿನಾ ನಿನ್ನ ಹೊತಗೊಂಡು ತಿರಗತೈತಿ. ಅದಕ್ಕೂ ದಣಿವು ಆಗೂದಿಲ್ಲೇನು?"

"ಆಯಿ, ಅದು ಕಬ್ಬಿಣ!"

"ನೀ ಅದಕಿಂತ ಗಟ್ಟಿ ಅದಿ. ನಡಕೋತ ಹೋಗು."

ಅಪ್ಪನಿಗೆ ತಾಯಿಯ ಮುಂದೆ ಬಾಯಿಗೆ ಬೀಗ. ಹಾಗಾಗಿ ಪ್ರತಿ ಸೋಮವಾರ ನನ್ನದು ನಡಿಗೆ, ತಡ, ಬೈಗುಳ. ಕಡೆಗೊಮ್ಮೆ ಹೆಡ್‌ಮಾಸ್ತರರು ಕರೆದು, "ಬರೂ ಸೋಮವಾರ ಪರೀಕ್ಷಾ ಐತಿ. ತಡಾ ಮಾಡಿ ಬಂದರ ಒಳಗ ಬಿಡೂದಿಲ್ಲ, ಹೆಸರೂ ಹೊಡದ ಹಾಕತೀನಿ. ಮನ್ಯಾಗ ರೊಟ್ಟಿ ಬಡಕೋತ ಕುಂಡ್ರು" ಎಂದರು. ಅಂದು ಒಲೆಯ ಮುಂದೆ ಕೂತು ಎಲ್ಲ ಹೇಳಿ ಗೊಳೋ ಎಂದು ಅತ್ತೆ. ಆಯಿ ರೊಟ್ಟಿ ಬಡಿಯುತ್ತಲೇ ಇದ್ದಳು.

ಸೋಮವಾರ ಬಂತು. ನೋಡಿದರೆ ಆಯಿಯೇ ಸೈಕಲ್ಲನ್ನು ಹೊಸ್ತಿಲು ದಾಟಿಸುತ್ತಿದ್ದಾಳೆ!

"ಆಯಿ, ಇವತ್ತ ಸೋಮಾರ!"

"ಗೊತ್ತೈತಿ ಬಿಡ. ಸೋಮಾರ ಎತ್ತಿಗೆ ನೀರ ಕುಡಸಾಕ ಹಳ್ಳಕ್ಕ ಹೊಡಕೊಂಡ ಹೋಗೂದಿಲ್ಲೇನು? ಹಿಡಿ ಆ ಕಡೆ."

ಹ್ಯಾಂಡಲ್ಲಿನ ಒಂದು ಕಡೆ ಅವಳು, ಇನ್ನೊಂದು ಕಡೆ ನಾನು. ಊರೆಲ್ಲ ನೋಡುತ್ತಿರಲು ಸೈಕಲ್ಲನ್ನು ನೀರಿಗೆ ನಡೆಸಿಕೊಂಡು ಹೊರಟೆವು. ಹಳ್ಳ ದಾಟಿದ್ದೇ ಆಯಿ ಊರ ಕಡೆ ತಿರುಗಿ ನಿಂತಳು. "ನಾ ಈ ಕಡೆ ನೋಡಾಕತ್ತೇನಿ. ನೀ ಏನ ಮಾಡತಿಯೋ ನನಗ ಕಾಣೂದಿಲ್ಲ."

ಹತ್ತಿದೆ. ಸ್ವಲ್ಪ ದೂರ ಹೋಗಿ ಹೊರಳಿ ನೋಡಿದರೆ, ನನಗೆ ಬೆನ್ನು ಮಾಡಿಯೇ ನಿಂತಿದ್ದಳು. ಎರಡೂ ಕೈ ಜೋಡಿಸಿಕೊಂಡಿದ್ದಳು. ಹುಟ್ಟಿದಾಗಿನಿಂದ ಒಂದು ಸೋಮವಾರವನ್ನೂ ಮುರಿಯದವಳು ನನಗಾಗಿ ಬಸವಣ್ಣನ ಕ್ಷಮೆ ಕೇಳುತ್ತಿದ್ದಳು. ಕಣ್ಣು ತುಂಬಿ ನನಗೆ ದಾರಿಯೇ ಕಾಣಲಿಲ್ಲ.

ಗಂಟೆ ಬಾರಿಸುವ ಮೊದಲೇ ಒಳಗಿದ್ದೆ. ಸಂಜೆ ಮನೆಗೆ ಬಂದಾಗ ಆಯಿ ಪರೀಕ್ಷೆಯ ಸುದ್ದಿಯನ್ನೇ ಎತ್ತಲಿಲ್ಲ.

"ನೀರ ಕುಡಿತೇನು?" ಎಂದಳು, ಸೈಕಲ್ಲಿನ ಕಡೆ ನೋಡಿ.

"ಹೊಟ್ಟಿ ತುಂಬ ಕುಡಿತ, ಆಯಿ."

ಮೊಮ್ಮಗಳಿಗೆ ಬೈಯಲು ತೆರೆದಿದ್ದ ಬಾಯಿಯನ್ನು ಹಾಗೇ ಮುಚ್ಚಿಕೊಂಡೆ. ನಡೆದೋ ತುಳಿದೋ, ಹುಡುಗಿ ಶಾಲೆ ಮುಟ್ಟಲಿ.

"ಲಗೂನ ಹೋಗವಾ," ಎಂದೆ, "ಗೆಳತ್ಯಾರು ಕಾಯಾಕತ್ತಾರ."