ಮಾಲ್ಸುನ್ ಕಲಿಸಿದ ಒಂದೇ ಬಟನ್

ಜಿರಿ ಬೆಟ್ಟದ ಕೆಳಗಿನ ಪೇಟೆಯ ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುವ ಮಾಲ್ಸುನ್‌ಗೆ ಅರವತ್ತು ದಾಟಿತ್ತು, ನಾಲಿಗೆಗೆ ಮಾತ್ರ ಇನ್ನೂ ಹದಿನೆಂಟು. ಸಾಲಾಗಿ ಹೆಣ್ಣುಗಳೇ ಹುಟ್ಟಿದ ಮನೆಯಲ್ಲಿ, ಇವಳೇ ಕೊನೆಯವಳಾಗಲಿ ಎಂಬ ಅರ್ಥದ ಹೆಸರನ್ನು ಅಪ್ಪ ಇಟ್ಟಿದ್ದ. ಹುಟ್ಟಿದ ದಿನವೇ ಬೇಡ ಎನ್ನಿಸಿಕೊಂಡವಳಿಗೆ ಆ ಮಾತು ಹೊಸದೇನಲ್ಲ. ಆದರೂ ಮ್ಯಾನೇಜರ್ ಪ್ಯೋ ಆ ಬೆಳಿಗ್ಗೆ ಹೇಳಿದ್ದು ಕೇಳಿ ಅವಳ ಮೈಯೆಲ್ಲ ಉರಿಯಿತು.

"ಚುಸೋಕ್ ಹಬ್ಬ ಮುಗೀತಿದ್ದಂಗೆ ಕೌಂಟರ್ ಮುಚ್ತೀವಿ ಮೇಡಂ. ಇವತ್ತಿಂದ್ಲೇ ಟಿಕೆಟ್ಟೆಲ್ಲ ಈ ಯಂತ್ರದಲ್ಲೇ. ಅಲ್ಲೀವರೆಗೆ ನೀವು ಪಕ್ಕದಲ್ಲಿ ನಿಂತು ವಯಸ್ಸಾದೋರಿಗೆ ಒತ್ತೋದು ಹೇಳ್ಕೊಡಿ."

"ಅವರು ಕಲಿತ್ಮೇಲೆ?"

"ನೀವೂ ಸ್ವಲ್ಪ ಆರಾಮಾಗಿರಿ. ವಯಸ್ಸಾಯ್ತಲ್ವಾ?"

"ನನ್ನ ವಯಸ್ಸಿನ ಚಿಂತೆ ನಿಮ್ಗ್ಯಾಕೆ? ನೀವೇನು ನನ್ನ ಅಳಿಯಾನಾ?"

ಪ್ಯೋ ಪೆಚ್ಚಾಗಿ ನಕ್ಕು, ಹೆಗಲಿಗೆ ತೊಡುವ ಹಳದಿ ಪಟ್ಟಿಯೊಂದನ್ನು ಅವಳ ಮೇಜಿನ ಮೇಲಿಟ್ಟು ಹೋದ. 'ನಿಮ್ಮ ಸಹಾಯಕ್ಕೆ' ಎಂದು ಅದರ ಮೇಲೆ ಬರೆದಿತ್ತು.

ಮಾಲ್ಸುನ್ ಈ ಆಟವನ್ನು ಹಿಂದೊಮ್ಮೆ ಕಂಡವಳು. ಹದಿಹರೆಯದಲ್ಲಿ ಇದೇ ಪೇಟೆಯ ಬಸ್ಸಿನಲ್ಲಿ ಕಂಡಕ್ಟರ್ ಹುಡುಗಿಯಾಗಿದ್ದಳು. ಸಂತೆಯ ದಿನ ಮೂಲಂಗಿ ಮೂಟೆ ಹೊತ್ತ ಹೆಂಗಸರನ್ನು ಬೆನ್ನು ಕೊಟ್ಟು ಒಳಗೆ ನೂಕಿ, ತಾನು ಬಾಗಿಲಿಗೆ ಜೋತುಬಿದ್ದು, ಬಸ್ಸಿನ ಮೈಗೆ ಅಂಗೈಯಿಂದ ಎರಡು ಬಾರಿ ಬಡಿದು "ಓರಾಯ್!" ಎಂದು ಕೂಗಿದರೇನೇ ಡ್ರೈವರ್ ಗೇರು ಹಾಕುತ್ತಿದ್ದದ್ದು. ಆಮೇಲೆ ತಾನಾಗಿಯೇ ತೆರೆಯುವ ಬಾಗಿಲು ಬಂತು, ಕಾಸು ಹಾಕುವ ಡಬ್ಬಿ ಬಂತು. ಜನಕ್ಕೆ ಡಬ್ಬಿಯ ಅಭ್ಯಾಸ ಮಾಡಿಸಮ್ಮ ಎಂದು ಮಾಲೀಕರು ಬೆನ್ನು ತಟ್ಟಿದರು. ಪೆದ್ದಿ, ಉಬ್ಬಿಹೋಗಿ ಊರಿಗೆಲ್ಲ ಕಲಿಸಿದಳು. ಜನ ಕಲಿತರು. ಹುಡುಗಿಯರ ಕೈಗೆಲ್ಲ ಕಂಪನಿಯ ಹೆಸರು ಅಚ್ಚಾದ ಒಂದೊಂದು ಟವೆಲ್ ಕೊಟ್ಟು ಮನೆಗೆ ಕಳಿಸಿದರು. ಆ ಟವೆಲನ್ನು ಮಾಲ್ಸುನ್ ಎಸೆದಿರಲಿಲ್ಲ. ನೆಲ ಒರೆಸಿ ಒರೆಸಿ ಹೆಸರು ಅಳಿಸಿದ್ದಳು.

ಹಾಗಾಗಿ ಈ ಸಲ ಅವಳು ಹಳದಿ ಪಟ್ಟಿಗೆ ಕೈ ಹಚ್ಚಲಿಲ್ಲ. ಯಂತ್ರದ ಮುಂದೆ ಯಾರು ಒದ್ದಾಡಿದರೂ ಕೌಂಟರಿನಿಂದ ಕದಲಲಿಲ್ಲ. ನಾಜು ಊರಿನಿಂದ ಸೊಸೆಯಾಗಿ ಬಂದದ್ದಕ್ಕೆ ಎಲ್ಲರೂ ನಾಜು ಅಜ್ಜಿ ಎನ್ನುತ್ತಿದ್ದ ಮುದುಕಿ ಒಂದು ದಿನ ಯಂತ್ರದ ಮುಂದೆ ನಿಂತಳು. ಊರು ಹುಡುಕುವಷ್ಟರಲ್ಲಿ ಪರದೆ ಮತ್ತೆ ಮೊದಲಿಗೆ ಬರುತ್ತಿತ್ತು. ಕೊನೆಗೆ ಮಂಡಿ ತೋರಿಸಬೇಕಿದ್ದ ಆಸ್ಪತ್ರೆಯ ಬಸ್ಸು ಅವಳ ಕಣ್ಣೆದುರೇ ಹೊರಟುಹೋಯಿತು.

"ಹಾಳಾಗೋಗ, ಇದಕ್ಕೆ ನನ್ನ ಬೆರಳೇ ಆಗ್ಬರಲ್ಲ!" ಎಂದು ಅಜ್ಜಿ ಯಂತ್ರಕ್ಕೆ ಶಾಪ ಹಾಕಿದಳು. ಮಾಲ್ಸುನ್‌ಗೆ ಒಂದು ಮಾತೂ ಅನ್ನಲಿಲ್ಲ. ಅದೇ ಮಾಲ್ಸುನ್‌ನ ಕರುಳಿಗೆ ಚುಚ್ಚಿತು. ಜಗಳ ಇದ್ದದ್ದು ಪ್ಯೋ ಜೊತೆ, ಬಸ್ಸು ತಪ್ಪಿದ್ದು ಅಜ್ಜಿಗೆ. ಥೂ, ಇದೆಂಥ ಹಟ ನನ್ನದು ಎಂದುಕೊಂಡಳು.

ಅಂದೇ ಪಟ್ಟಿ ತೊಟ್ಟು ಯಂತ್ರದ ಮುಂದೆ ನಿಂತಳು. ಒಂದೊಂದೇ ಒತ್ತಿ ನೋಡಿದಳು. ಬ್ರಹ್ಮವಿದ್ಯೆಯೇನಲ್ಲ, ಮಧ್ಯಾಹ್ನದೊಳಗೆ ಎಲ್ಲ ಕರಗತವಾಯಿತು. ಪರದೆಯ ಕೆಳಮೂಲೆಯಲ್ಲಿ ಒಂದು ಚಿಕ್ಕ ಕೆಂಪು ಬಟನ್ ಇತ್ತು: 'ಸಿಬ್ಬಂದಿಯನ್ನು ಕರೆಯಿರಿ'. ಒತ್ತಿದರೆ ಕೌಂಟರಿನೊಳಗೆ ಗಂಟೆ ಬಡಿಯಿತು. ಮಾಲ್ಸುನ್‌ಗೆ ನಗು ಉಕ್ಕಿಬಂತು.

ಸಂತೆಯ ದಿನ ಅವಳ ಪಾಠ ಶುರುವಾಯಿತು.

"ಅಜ್ಜಿ, ಇಲ್ಲಿ ನೋಡಿ, ಕೆಂಪಗಿದ್ಯಲ್ಲ, ಇದನ್ನ ಒತ್ತಿ."

"ಒತ್ತಿದ್ರೆ ಟಿಕೆಟ್ ಬತ್ತದಾ?"

"ನಾನು ಬರ್ತೀನಿ."

"ಮಿಕ್ಕಿದ್ದನ್ನೆಲ್ಲ ಯಾವಾಗ ಕಲಿಯೋದೇ?"

"ಅದನ್ನ ಕಲಿತ್ರೆ ನಾನು ಬರಲ್ಲ!"

ಅಜ್ಜಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. ಮಾತು ಸಂತೆಯಲ್ಲೆಲ್ಲ ಹಬ್ಬಿತು. ಮೊಬೈಲ್ ಹಿಡಿದ ಹುಡುಗರು ತಾವೇ ಟಿಕೆಟ್ ತೆಗೆದು ಹೋಗುತ್ತಿದ್ದರು, ಅವರ ತಂಟೆಗೆ ಇವಳು ಹೋಗಲಿಲ್ಲ. ಮಿಕ್ಕವರೆಲ್ಲ ಕೆಂಪು ಬಟನ್ ಒತ್ತುತ್ತಿದ್ದರು. ದಿನವಿಡೀ ಗಂಟೆಯೋ ಗಂಟೆ.

ಪ್ಯೋ ಮುಖ ಗಂಟಿಕ್ಕಿಕೊಂಡು ಬಂದ. "ಮೇಡಂ, ಒತ್ತಿದ್ದೆಲ್ಲ ಸಿಯೋಲ್ ಹೆಡ್ಡಾಫೀಸಲ್ಲಿ ಕಾಣುತ್ತೆ, ಅಲ್ಲಿಂದ ಫೋನ್ ಮೇಲೆ ಫೋನು. ಇಲ್ಲಿ ಯಾರಿಗೂ ಯಂತ್ರ ಬಳಸೋಕೆ ಬರಲ್ವಾ ಅಂತಾರೆ. ಏನ್ ಕಲಿಸ್ತಿದೀರ ನೀವು?"

"ಒತ್ತೋದು ಕಲ್ಸಿ ಅಂದ್ರಿ. ಕಲಿಸ್ದೆ. ಹೆಂಗೆ ಒತ್ತುತಾರೆ ನೋಡಿ, ಒಬ್ರಾದ್ರೂ ತಪ್ತಾರಾ?"

ಪ್ಯೋ ಗಂಟೆಯ ತಂತಿಯನ್ನೇ ಕಿತ್ತುಹಾಕಿಸಿದ. ಕೌಂಟರ್ ಉಳಿಯುವ ಆಸೆಯೂ ಅದರೊಂದಿಗೇ ಹೋಯಿತು.

ಹಬ್ಬ ಮುಗಿದ ಮೇಲಿನ ಮೊದಲ ಸಂತೆ. ಕೌಂಟರಿನ ಶಟರ್ ಎಳೆದಾಗಿತ್ತು. ಒಳಗೆ ಮಾಲ್ಸುನ್ ತನ್ನ ಚಪ್ಪಲಿ, ಚಹಾ ಲೋಟ, ಕೂರುವ ದಿಂಬನ್ನು ಚೀಲಕ್ಕೆ ತುಂಬುತ್ತಿದ್ದಳು. ಟಿಕೆಟ್ ಕೊಡುವ ಕಂಪ್ಯೂಟರನ್ನು ಮಾರನೆಯ ದಿನ ಒಯ್ಯುವವರಿದ್ದರು. ಪ್ಯೋ ಬಂದು ಎರಡೂ ಕೈಯಲ್ಲಿ ಹಿಡಿದು ಒಂದು ಪೆಟ್ಟಿಗೆ ಕೊಟ್ಟ. "ಕಂಪನಿ ಕಡೆಯಿಂದ, ಮೇಡಂ. ಇಷ್ಟು ವರ್ಷ ದುಡಿದ್ರಿ." ಮುಚ್ಚಳ ತೆಗೆದು ನೋಡಿದರೆ ಟವೆಲ್.

ಅಳು ಬಂತೋ ಸಿಟ್ಟು ಬಂತೋ ಅವಳಿಗೇ ಗೊತ್ತಾಗಲಿಲ್ಲ.

ಆಚೆ ನಾಜು ಅಜ್ಜಿ ಕೆಂಪು ಬಟನ್ ಒತ್ತಿದಳು. ಗಂಟೆ ಇಲ್ಲ. ಮತ್ತೆ ಒತ್ತಿದಳು. ಹಿಂದೆ ಸಾಲು ಬೆಳೆಯಿತು. ಅಜ್ಜಿ ಸುತ್ತ ನೋಡಿ, ಕೋಲೂರಿಕೊಂಡು ಶಟರಿನ ಬಳಿ ಬಂದು, ಅಂಗೈಯಿಂದ ಎರಡು ಬಾರಿ ಬಡಿದಳು.

ಧಡ್, ಧಡ್.

"ಓರಾಯ್!" ಎಂದು ಕೂಗಿದಳು. ಅಂದು ಮೂಲಂಗಿ ಮೂಟೆ ಹೊತ್ತು ಬಂದಾಗ ಇದೇ ಹುಡುಗಿಯ ಬೆನ್ನ ಬಲದಿಂದ ಬಸ್ಸು ಹತ್ತಿದವಳಲ್ಲವೇ ಅವಳು! ಪಕ್ಕದವಳೂ ಬಡಿದಳು. ಸಾಲಿನಲ್ಲಿದ್ದ ಮುದುಕರೂ ಬಂದು ಬಡಿದರು. ಶಟರ್ ಗಡಗಡ ನಡುಗಿತು.

ಮಾಲ್ಸುನ್ ಚೀಲ ಕೆಳಗಿಟ್ಟು, ಕಂಪ್ಯೂಟರ್ ಹಾಕಿ, ಎರಡೂ ಕೈಯಿಂದ ಶಟರನ್ನು ಮೇಲೆತ್ತಿದಳು.

"ಎಲ್ಲಿಗಜ್ಜಿ? ಆಸ್ಪತ್ರೆಗಾ?"

"ಮೇಡಂ! ಅದನ್ನ ಮುಚ್ಚಿದೀವಿ!" ಪ್ಯೋ ಬಾಯಿಬಾಯಿ ಬಡಿದುಕೊಂಡ.

"ನೀವು ಮುಚ್ಚಿದ್ರಿ. ನಾನು ತೆಗ್ದೆ. ನಾಳೆ ಬಂದು ಈ ಕಂಪ್ಯೂಟರ್ ಕೀಳೋರು ಮೊದಲು ಈ ಸಾಲು ದಾಟ್ಕೊಂಡು ಬರ್ಲಿ." ಅಜ್ಜಿಯ ಕೈಗೆ ಟಿಕೆಟ್ ಕೊಟ್ಟು, ಮಾಲ್ಸುನ್ ಪೆಟ್ಟಿಗೆಯನ್ನು ಅವನತ್ತ ತಳ್ಳಿದಳು.

"ತಗೊಳಿ, ನಿಮ್ಗೇ ಬೇಕಾಗುತ್ತೆ. ನನ್ನ ಹತ್ರ ಒಂದಿದೆ."