ಬಾಯಿಲ್ಲದ ವೀರ

ವಿಡಿಯೋ ಗೇಮಿನ ನಾಯಕ ಆಟ ಮುಗಿಯುವವರೆಗೂ ತುಟಿ ಬಿಚ್ಚದಿದ್ದರೆ ಅದನ್ನು ದೊಡ್ಡ ಕಥನತಂತ್ರ ಎನ್ನುತ್ತಾರೆ. ಅವನು ಸುಮ್ಮನಿದ್ದರೆ ಆಡುವವರು ತಮ್ಮ ದನಿಯನ್ನೇ ಅವನಿಗೆ ಕೊಡುತ್ತಾರಂತೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮಾತು ಬರೆಯಲು ಎದೆಯಿಲ್ಲದವರು ಮೌನವೇ ಕಲೆ ಅನ್ನುತ್ತಾರೆ. ಇದನ್ನು ನಾನು ಧಾರಾಳವಾಗಿ ಹೇಳಬಲ್ಲೆ, ಏಕೆಂದರೆ ಅಂಥ ಒಬ್ಬ ಮೂಕನನ್ನು ನಾನೂ ಹುಟ್ಟಿಸಿದ್ದೇನೆ.

ನಿಪ್ಪಾಣಿಯ ಗೆಳೆಯನೊಬ್ಬ ಮೊಬೈಲಿಗೆ ಆಟ ಮಾಡುತ್ತಿದ್ದ. ಹೊಳೆ ಏರಿ ಬಂದಾಗ ಊರನ್ನು ಉಳಿಸುವ ತರುಣನ ಕಥೆ. ಮಾತು ಬರೆಯುವ ಕೆಲಸ ನನ್ನದು. ನಾಯಕನ ಬಾಯಿಗೆ ಗಡಿಭಾಗದ ಅಂಕಲಿಯ ನನ್ನ ಸೋದರತ್ತೆಯ ಮಾತನ್ನೇ ಹಾಕಿದೆ. ಆಕೆಯ ವಾಕ್ಯ ಕನ್ನಡದಲ್ಲಿ ಹೊರಟು ಮರಾಠಿಯಲ್ಲಿ ಮುಗಿಯುತ್ತದೆ. ಬೆರಕೆ ಮಾತಿನವಳು ಎಂದು ಜೀವಮಾನವೆಲ್ಲ ನಗೆಗೀಡಾದವಳು. ನಮ್ಮ ನಾಯಕ ನಿನ್ನ ಹಾಗೇ ಮಾತಾಡುತ್ತಾನೆ ಎಂದಾಗ ಹಿಗ್ಗಿ ಓಣಿಗೆಲ್ಲ ಸಾರಿದಳು.

ಗೆಳೆಯ ಓದಿ ಬೆವರಿದ. "ಈ ಬೆರಕಿ ಮಾತ ಕೇಳಿದ್ರ ಕನ್ನಡದವ್ರೂ ಸಿಟ್ಟಾಗ್ತಾರ, ಮರಾಠಿಯವ್ರೂ ಸಿಟ್ಟಾಗ್ತಾರ. ಅವಂಗ ಬಾಯೇ ಬ್ಯಾಡ ತಗಿ," ಅಂದ. ಪರದೇಶದ ದೊಡ್ಡ ಆಟಗಳಲ್ಲೂ ಹೀಗೇ ಎಂದು ಸೇರಿಸಿದ. ಊರವರ ಮಾತಿಗೆ ಪರದೆಯ ಮೇಲೆ ಎರಡು ಗುಂಡಿ ಇಟ್ಟೆವು, ಒಂದನ್ನು ಒತ್ತಿದರೆ ಪುಸ್ತಕದ ಕನ್ನಡ, ಇನ್ನೊಂದನ್ನು ಒತ್ತಿದರೆ ಪುಸ್ತಕದ ಮರಾಠಿ. ಅವರೆಲ್ಲ ಗೋಳು ತೋಡಿಕೊಳ್ಳುವುದು, ನಾಯಕ ಕೋಲೆಬಸವನ ಹಾಗೆ ತಲೆಯಾಡಿಸುವುದು. ಚಿಕ್ಕೋಡಿಯಲ್ಲಿ ಇದನ್ನು ತೋರಿಸಿದಾಗ ಒಬ್ಬ ಪ್ರಾಧ್ಯಾಪಕರು ಆ ಮೌನದ ಆಳವನ್ನು ಕಾಲು ಗಂಟೆ ಕೊಂಡಾಡಿದರು. ನಾನು ನಾಚಿಕೆಗೆಟ್ಟವನು, ಗಂಭೀರವಾಗಿ ಕೂತು ಕೇಳಿದೆ.

ಅತ್ತೆಗೂ ತೋರಿಸಲೇಬೇಕಾಯಿತು. ಕನ್ನಡಕ ಒರೆಸಿಕೊಂಡು ಕೂತಳು. ಆಟದಲ್ಲಿ ಒಬ್ಬ ಮುದುಕಿ ನಾಯಕನಿಗೆ ರೊಟ್ಟಿ ಕೊಟ್ಟು, ಊಟವಾಯಿತೇ ಎಂದು ಕೇಳಿದಳು. ಅವನು ರೊಟ್ಟಿ ಇಸಿದುಕೊಂಡು ಸುಮ್ಮನೆ ನಡೆದುಬಿಟ್ಟ.

"ಉಂಡ್ಯಾ ಅಂತ ಕೇಳಿದ್ರ ಹೂಂ ಅನ್ನಾಕೂ ಬಾಯಿಲ್ಲ. ಇಂವೇನ್ ಊರ ಉಳಸ್ತಾನ, ಕಾಯ್ ವಾಚವಣಾರ?" ಅಂದಳು ಅತ್ತೆ.

ನಾನು ನಕ್ಕೆ. ಅವಳು ನಗಲಿಲ್ಲ. ಕನ್ನಡಕ ತೆಗೆದಿಟ್ಟು, "ನನ್ನ ಮಾತ ಚಂದ ಇಲ್ಲಂತ ತಗದ್ರಿ ಕಾಯ್ ರೇ?" ಎಂದಳು.

ಆಟದ ಆ ಮುದುಕಿಗೆ ನಾಯಕ ಕೊಡಬೇಕಾದ ಉತ್ತರವನ್ನು ಅತ್ತೆಯ ಮಾತಿನಲ್ಲೇ ನಾಲ್ಕು ದಿನ ಕೂತು ಬರೆದಿದ್ದೆ. ಅಳಿಸಿದ್ದು ಗೆಳೆಯನಲ್ಲ, ನಾನೇ. ಆದರೂ, ಹಾಗಲ್ಲ ಅತ್ತೆ, ಇದೊಂದು ತಂತ್ರ ಎಂದೆ.

ಅವಳು ಒಳಗೆ ಹೋಗಿ ಚಹಾ ತಂದಳು. ಕಪ್ಪು ಕೈಗಿಟ್ಟು, ತಡವರಿಸುತ್ತ, ಒಂದೊಂದೇ ಶಬ್ದ ಹುಡುಕಿ ಜೋಡಿಸಿ ನನ್ನನ್ನು ಕೇಳಿದಳು: "ಸಕ್ಕರೆ ಸಾಕಾಗಿದೆಯೇ?"